ಏಣಿಯಿಂದ ಬೀಳದ ಮನುಷ್ಯ

ಈ ಕಥೆಯನ್ನು ಮೊದಲು ಹೇಳಿದವಳು ಚಿತ್ರಮಂದಿರದ ಬಾಗಿಲಲ್ಲಿ ಟಿಕೆಟ್ ಹರಿಯುವವಳು. ಮಾಳಿಗೆ ರಿಪೇರಿಗೆಂದು ಮೂರು ವಾರ ಬೀಗ ಬಿದ್ದಿದ್ದಾಗ, ಒಂದು ಗುರುವಾರ ಮಧ್ಯಾಹ್ನ, ಮುಂಬಾಗಿಲ ಮೆಟ್ಟಿಲ ಮೇಲೆ ಕೂತು ಐದಾರು ಜನರಿಗೆ ಹೇಳಿದಳು. ಮುಂದೆ ಬೇರೆ ಕಡೆ ಹೇಳುವಾಗ ಕಥೆಯೊಳಗಿನ ಏಣಿಯ ಏಳು ಮೆಟ್ಟಿಲು ಒಂಬತ್ತಾದವು, ಹನ್ನೊಂದೂ ಆದವು. ಇಲ್ಲಿರುವುದು ಮೊದಲ ಸಲ ಹೇಳಿದಂತೆ.

ಕಥೆ ಅವಳ ಅತ್ತಿಗೆಯದು. ಅತ್ತಿಗೆ ಫಿಲ್ಮ್ ಉಗ್ರಾಣದಲ್ಲಿ ಹರಿದ ಸುರುಳಿಗಳನ್ನು ಅಂಟಿಸುವವಳು. ಅವಳ ಗಂಡ, ಎಂದರೆ ಟಿಕೆಟಿನವಳ ಅಣ್ಣ, ಇದೇ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಆಪರೇಟರ್. ಭಾನುವಾರ ಬೆಳಗಿನ ಆಟಕ್ಕೆ ಅವನು ಹಾಕುತ್ತಿದ್ದದ್ದು ಒಂದೇ ಚಿತ್ರ: ಹಳೆಯದು, ಮಾತಿಲ್ಲದ್ದು, ಸಣಕಲ ಮನುಷ್ಯನೊಬ್ಬ ಗೋಡೆಗೆ ಸುಣ್ಣ ಬಳಿಯಲು ಹೋಗಿ ಪಡುವ ಪಾಡು. ಅಜ್ಜಂದಿರು ನಕ್ಕ ಜಾಗದಲ್ಲೇ ಮೊಮ್ಮಕ್ಕಳೂ ನಗುತ್ತಿದ್ದರು. ಅವನು ಏಣಿಯ ತುದಿಯಿಂದ ಸುಣ್ಣದ ತೊಟ್ಟಿಗೆ ಬಿದ್ದನೆಂದರೆ ಜನ ಕುರ್ಚಿಯ ಕೈ ಬಡಿಯುತ್ತಿದ್ದರು. ಬಡಿದರೆ ಸುರುಳಿಯನ್ನು ಹಿಂದಕ್ಕೆ ಸುತ್ತಿ ಇನ್ನೊಮ್ಮೆ ತೋರಿಸಬೇಕು. ಅದು ಅಲ್ಲಿಯ ರೂಢಿ. ಹೀಗೆ ತೋರಿಸಿ ತೋರಿಸಿ ಒಮ್ಮೊಮ್ಮೆ ಸುರುಳಿ ಅಲ್ಲಿಯೇ ಹರಿಯುತ್ತಿತ್ತು.

ಹರಿದರೆ ಸೋಮವಾರ ಸುರುಳಿಯ ಡಬ್ಬ ಅತ್ತಿಗೆಯ ಮೇಜಿಗೆ ಬರುತ್ತಿತ್ತು. ಮುಚ್ಚಳ ತೆಗೆದ ಕೂಡಲೇ ಹಿಂದಿನ ದಿನ ಜನ ಎಷ್ಟು ನಕ್ಕರೆಂದು ಅವಳಿಗೆ ತಿಳಿಯುತ್ತಿತ್ತು. ಹರಿದ ಅಂಚನ್ನು ಕತ್ತರಿಸಿ, ಕೆರೆದು, ಅಂಟು ಹಚ್ಚಿ ಒತ್ತುವಳು. ಪ್ರತಿ ಸಲವೂ ಒಂದು ಚೌಕದಷ್ಟು ಚಿತ್ರ ಕಸದ ಬುಟ್ಟಿಗೆ ಹೋಗುತ್ತಿತ್ತು. ಒಂದು ಚೌಕ ಯಾವ ಲೆಕ್ಕ? ಇಪ್ಪತ್ತಾರು ವರ್ಷ ಹೀಗೆಯೇ ನಡೆಯಿತು. ಗಂಡ ಎಷ್ಟು ಕರೆದರೂ ಅವಳು ಆ ಚಿತ್ರ ನೋಡಲು ಹೋದವಳಲ್ಲ. "ಇಂಚಿಂಚೂ ನನ್ನ ಕೈಮೇಲೆ ಹಾದು ಹೋಗಿದೆ. ಇನ್ನೇನು ನೋಡೋದು?" ಎನ್ನುತ್ತಿದ್ದಳು.

ಗಂಡ ಒಂದು ಬುಧವಾರ ಕಾಲುಚೀಲ ಹಾಕಿಕೊಳ್ಳುತ್ತ ಕೂತವನು ಹಾಗೆಯೇ ಹೋಗಿಬಿಟ್ಟ. ಅವಳು ಅಳಲಿಲ್ಲ. ತಟ್ಟೆ ಮುಂದಿಟ್ಟರೆ ಉಣ್ಣುವಳು, ಇಡದಿದ್ದರೆ ಇಲ್ಲ. ಕಲ್ಲುಮನಸ್ಸಿನವಳು ಎಂದು ನೆರೆಯವರು ಆಡಿಕೊಂಡರು. ಅದು ಕಿವಿಗೆ ಬಿದ್ದರೂ ಅವಳಿಗೆ ಏನೂ ಅನ್ನಿಸಲಿಲ್ಲ.

ಮೂರನೆಯ ತಿಂಗಳಲ್ಲಿ ಉಗ್ರಾಣದ ಮೇಲಧಿಕಾರಿ, ಎಲ್ಲರೂ ಬುಡ್ಡಿ ಕನ್ನಡಕ ಎಂದು ಕರೆಯುವವನು, ಆ ಡಬ್ಬವನ್ನೇ ತಂದು ಅವಳ ಮುಂದಿಟ್ಟ.

"ತುಂಬಾ ಹಳೇದಾಯ್ತಮ್ಮ ಇದು. ಇದ್ದದ್ದು ಇದೊಂದೇ ಪ್ರತಿ. ರದ್ದಿ ಅಂತ ಸಹಿ ಹಾಕಿದ್ರೆ ತೊಳೆದು ಫಿಲ್ಮಿನಲ್ಲಿರೋ ಬೆಳ್ಳಿ ತೆಗೀತಾರೆ."

ಅವಳು ಪೆನ್ನು ತೆಗೆದುಕೊಂಡಳು.

"ಅಯ್ಯೋ, ಈಗಲೇ ಅಲ್ಲ! ಪರದೆ ಮೇಲೆ ಓಡೋದನ್ನ ಒಂದ್ಸಲ ನೋಡಿಯೇ ಹಾಕ್ಬೇಕು. ನಿಯಮ ಅಂದ್ರೆ ನಿಯಮ."

ಭಾನುವಾರ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದ ನಾದಿನಿ ಅವಳನ್ನು ಕಂಡು ಸೊಂಟದ ಮೇಲೆ ಕೈಯಿಟ್ಟಳು. "ಓಹೋ, ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು? ಅಣ್ಣ ಕರೆದೂ ಕರೆದೂ ಸಾಕಾದ. ಈಗ ಬಂದ್ಯಾ ಅತ್ತಿಗೆ?"

"ಕೆಲಸಕ್ಕೆ ಬಂದಿದೀನಿ ಕಣೇ."

"ಹೂಂ, ಕೆಲಸ. ನಗು ಬಂದ್ರೆ ತಡ್ಕೋ ಮತ್ತೆ, ಸಂಬಳ ಕಟ್ ಆದೀತು."

ಅವಳು ಕೊನೆಯ ಸಾಲಿನಲ್ಲಿ ಕೂತಳು. ಜನ ನಕ್ಕರು. ಅವಳು ತನ್ನ ಅಂಟುಗಳನ್ನು ಗುರುತಿಸುತ್ತ ಕೂತಿದ್ದಳು. ಸಣಕಲ ಮನುಷ್ಯ ಏಳು ಮೆಟ್ಟಿಲಿನ ಏಣಿ ಹತ್ತಿದ, ತುದಿಯಲ್ಲಿ ತೂರಾಡಿದ. ಮರುಕ್ಷಣವೇ ತೊಟ್ಟಿಯಲ್ಲಿ ಕೂತಿದ್ದ. ನಡುವೆ ಏನೂ ಕಾಣಲಿಲ್ಲ. ಅವನು ಬೀಳಲೇ ಇಲ್ಲ. ಆ ಬೀಳುವಿಕೆಯನ್ನೆಲ್ಲ ಹರಿದಾಗಲೊಂದು ಚೌಕದಂತೆ ತಾನೇ ಕತ್ತರಿಸಿ ಬುಟ್ಟಿಗೆ ಹಾಕಿದ್ದೆನೆಂದು ಅವಳಿಗೆ ಆಗ ಹೊಳೆಯಿತು. ಉಳಿಸುತ್ತಿದ್ದೇನೆಂದುಕೊಂಡೇ ಕಳೆದಿದ್ದಳು. ಇದು ರದ್ದಿಯೇ ಸರಿ ಎಂದುಕೊಂಡಳು.

ಆದರೆ ಚಿತ್ರಮಂದಿರವೇ ಹಾರಿಹೋಗುವಂತೆ ನಗುತ್ತಿತ್ತು. ಜನ ಕುರ್ಚಿ ಬಡಿದರು. ಹೊಸ ಆಪರೇಟರ್ ಹಿಂದಕ್ಕೆ ಸುತ್ತಿದ, ಮತ್ತೆ ಬಿಟ್ಟ. ತೂರಾಡುತ್ತಿದ್ದವನ ಮೇಲೆಯೇ ಪರದೆ ಬೆಳ್ಳಗಾಯಿತು. ಸುರುಳಿ ಹರಿದಿತ್ತು.

ಅವಳ ಕಾಲುಗಳು ತಾವಾಗಿಯೇ ಮೇಲಿನ ಕೋಣೆಗೆ ನಡೆದವು. ಆಪರೇಟರ್ ಬೆವರುತ್ತಿದ್ದ. "ಅಕ್ಕಾ, ನನ್ನ ತಪ್ಪಲ್ಲ, ಅವರು ಬಡಿದ್ರು..."

"ಬ್ಲೇಡ್ ಕೊಡಿ."

ಅವನು ದೀಪ ಹಿಡಿದ. ಹರಿದ ತುದಿಯಲ್ಲಿ ಒಂದೇ ಒಂದು ಚೌಕ ಉಳಿದಿತ್ತು: ಕಾಲು ಮೇಲಾಗಿ ಗಾಳಿಯಲ್ಲಿ ನಿಂತ ಮನುಷ್ಯ. ಅಂಚು ಸೀಳಿತ್ತು. ಅವಳು ಅದನ್ನು ಕತ್ತರಿಸಿ, ಕೆರೆದು, ಅಂಟು ಹಚ್ಚಿ ಒತ್ತಿದಳು. ಚೌಕ ಬುಟ್ಟಿಗೆ ಬಿತ್ತು.

"ಬಿಡಿ ಈಗ."

ಗೋಡೆಯ ಕಿಂಡಿಯಿಂದ ಅವಳು ಕೆಳಗೆ ನೋಡಿದಳು. ಪರದೆಯನ್ನಲ್ಲ, ಜನರನ್ನು. ಇಪ್ಪತ್ತಾರು ವರ್ಷ ಗಂಡ ನಿಂತು ನೋಡುತ್ತಿದ್ದ ಕಿಂಡಿ ಅದು. ಮುದುಕನೊಬ್ಬ ಪಕ್ಕದವನ ಭುಜದ ಮೇಲೆ ಒರಗಿ ನಗುತ್ತಿದ್ದ. ಅವಳಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಆಟ ಮುಗಿಯುವವರೆಗೆ ನಿಂತೇ ಇದ್ದಳು. ಆಮೇಲೆ ರದ್ದಿಯ ಕಾಗದವನ್ನು ಡಬ್ಬದ ಮುಚ್ಚಳದ ಮೇಲಿಟ್ಟು, 'ಓಡುತ್ತದೆ' ಎಂದು ಬರೆದು ಸಹಿ ಹಾಕಿದಳು.

ಟಿಕೆಟಿನವಳು ಇಲ್ಲಿಗೆ ನಿಲ್ಲಿಸಿದಳು.

"ಆಮೇಲಾದ್ರೂ ಅತ್ತಳಾ?" ಎಂದು ಕೇಳುಗರಲ್ಲೊಬ್ಬಳು ಕೇಳಿದಳು.

"ನಾನು ಕಂಡಿಲ್ಲಪ್ಪ. ಅವಳು ಬಾಯಿಬಿಟ್ಟು ಹೇಳದ್ದನ್ನ, ನಾನು ಕಾಣದ್ದನ್ನ ಹೇಳೋಳಲ್ಲ. ಭಾನುವಾರ ಬರ್ತಾಳೆ, ಮೇಲೆ ಹೋಗಿ ನಿಲ್ತಾಳೆ, ಕಿಂಡಿಯಿಂದ ನೋಡ್ತಾಳೆ, ಹೋಗ್ತಾಳೆ."

"ಮೊದಲೇ ಬಂದಿದ್ರೆ ನಿಮ್ಮಣ್ಣನಿಗೆ ಎಷ್ಟು ಖುಷಿ ಆಗ್ತಿತ್ತು" ಎಂದಳು ಕೇಳಿದವಳು.

ಮಾಳಿಗೆಯ ಮೇಲಿನ ಸುತ್ತಿಗೆಯ ಸದ್ದು ನಿಂತಿತ್ತು; ಕೆಲಸದವರು ಇಳಿಯುತ್ತಿದ್ದರು. ಕೇಳುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು, ಬಟ್ಟೆಯ ಧೂಳು ಕೊಡವಿಕೊಂಡು, ಚಪ್ಪಲಿ ಮೆಟ್ಟಿ ಮನೆಯ ಕಡೆ ನಡೆದರು.