ಬಿಸಿನೀರಿನ ಹಂಡೆ

ಚಟ್ಟ ಬೀದಿಯ ತಿರುವು ದಾಟಿತ್ತು. ತಮಟೆಯ ಸದ್ದು ಇನ್ನೂ ಕಿವಿಯಲ್ಲಿರುವಾಗಲೇ ಪಾವಾಯಿ ಹಂಡೆಯ ಕೆಳಗೆ ಇನ್ನೊಂದು ಸೌದೆ ತುರುಕಿದಳು.

ಮನೆ ತೊಳೆಯಲು ಸೆರಗು ಸಿಕ್ಕಿಸಿಕೊಂಡಿದ್ದ ಹೆಂಗಸರು ನಿಂತಲ್ಲೇ ನಿಂತರು. ಹೆಣಕ್ಕೆ ಎರೆದು ಉಳಿದ ನೀರನ್ನು ಚಟ್ಟ ಎದ್ದ ಕೂಡಲೇ ಚೆಲ್ಲಬೇಕು, ಹಂಡೆ ಕವುಚಬೇಕು, ಒಲೆ ಆರಿಸಬೇಕು. ತಿರುಚೆಂಗೋಡಿನಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ.

"ಇನ್ಯಾರ ಮೈಗೆ ಎರೆಯೋಕೆ ಕಾಯಿಸ್ತಿದೀಯ ಪಾವಾಯಿ?" ಎಂದಳು ಗಂಡನ ಅಕ್ಕ ಅಮ್ಮಣಿ. "ಹಂಡೆ ಕವುಚು. ಬಿಸಿನೀರು ಕಂಡ್ರೆ ಹೋದವನು ತಿರುಗಿ ಬರ್ತಾನೆ."

"ಬರ್ಲಿ ಬಿಡಿ ಅತ್ತಿಗೆ. ಕೆಲಸ ಅರ್ಧಕ್ಕೆ ಬಿಟ್ಟು ಹೋಗಿದಾರೆ."

ಆ ಅರ್ಧ ಕೆಲಸ ಅಂಗಳದ ಬೇವಿನ ಮರದಡಿ ಗೋಣಿಯ ಮೇಲೆ ಬಿದ್ದಿತ್ತು. ಕೊಳಂದವೇಲುವಿನ ಬೋರ್‌ವೆಲ್ ಲಾರಿಯಿಂದ ಬಿಚ್ಚಿದ ಈಜಿಆರ್ ಕೂಲರ್, ಮೊಳದುದ್ದದ ಉಕ್ಕಿನ ಕೊಳವೆ. ಎಂಜಿನ್ನು ಬಿಟ್ಟ ಹೊಗೆಯಲ್ಲಿ ಒಂದು ಪಾಲು ತಿರುಗಿ ಎಂಜಿನ್ನಿಗೇ ಹೋಗುತ್ತದೆ. ಹೋಗುವ ಮುಂಚೆ ಈ ಕೊಳವೆಯೊಳಗೆ, ಸುತ್ತ ಹರಿಯುವ ರೇಡಿಯೇಟರ್ ನೀರಿನಿಂದ ತಣಿಯುತ್ತದೆ. ಒಳಗೆಲ್ಲೋ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು, ನೀರು ಹೊಗೆಯ ದಾರಿಗೆ ಇಳಿಯುತ್ತದೆ. ಹೊರಗೆ ಒಂದು ಹನಿಯೂ ತೊಟ್ಟಿಕ್ಕುವುದಿಲ್ಲ.

ಕೊಳಂದವೇಲುವಿನ ಲಾರಿ ದಿನಾ ನೀರು ಕುಡಿಯುತ್ತಿತ್ತು. ಬೇರೆ ಷೆಡ್ಡಿನಲ್ಲಿ ಹೆಡ್ ಇಳಿಸಿ ಗ್ಯಾಸ್ಕೆಟ್ ಬದಲಾಯಿಸಿದ್ದರು. ಅದರ ಬಾಯಾರಿಕೆ ತೀರಲಿಲ್ಲ. ಕೊನೆಗೆ ಪಾವಾಯಿಯ ಗಂಡ, ಮೆಕ್ಯಾನಿಕ್ ಚೆನ್ನಿಮಲೈಯ ಅಂಗಳಕ್ಕೆ ಬಂತು. ಅವನು ಸೈಲೆನ್ಸರಿಗೆ ಮೂಗು ಹಿಡಿದು ನೋಡಿ, ಕೂಲರ್ ಬಿಚ್ಚಿಸಿ, ಅವತ್ತೇ ಎದೆ ಹಿಡಿದುಕೊಂಡು ಮಲಗಿದ. ಬಹಳ ವರ್ಷಗಳಿಂದ ಅವನ ಜೊತೆಗಿದ್ದ ಮಾರಪ್ಪನ್ ಕೊಳವೆಯ ನೀರಿನ ಬಾಯಿಗಳನ್ನು ಮುಚ್ಚಿ, ಗಾಳಿ ತುಂಬಿ, ತೊಟ್ಟಿಯಲ್ಲಿ ಮುಳುಗಿಸಿದ. ಗುಳ್ಳೆ ಏಳಲಿಲ್ಲ. ಸರಿಯಿದೆ ಅಣ್ಣಾ ಎಂದು ಕಿಟಕಿಯಿಂದ ಕೂಗಿದ.

"ಬಿಸಿನೀರಲ್ಲಿ ನೋಡೋವರೆಗೂ ಸರಿ ಅನ್ನಬೇಡ," ಎಂದಿತು ಮಂಚದ ಮೇಲಿನ ದನಿ.

ಅದೇ ಅವನ ಕೊನೆಯ ಮಾತು. ಬೆಳಿಗ್ಗೆ ಪಾವಾಯಿ ಕಾಫಿ ಹಿಡಿದು ಹೋದಾಗ ಮೈ ತಣ್ಣಗಿತ್ತು.

ಕೊಳಂದವೇಲು ದೊಡ್ಡ ಹಾರ ತಂದಿದ್ದ, ನಿಜವಾಗಿಯೇ ಅತ್ತಿದ್ದ. ಆಮೇಲೆ ಕಣ್ಣೊರೆಸಿಕೊಂಡು ಮಾರಪ್ಪನನ್ನು ಪಕ್ಕಕ್ಕೆ ಕರೆದ. ಹೆಣದ ಕಾಲ ಬಳಿ ಕೂತಿದ್ದ ಪಾವಾಯಿಗೆ ಎಲ್ಲ ಕೇಳಿಸಿತು. ಬೋರಿನ ಕಾಲ ಶುರುವಾಗಿದೆ, ಲಾರಿ ರಾಯಪುರ ಸೇರಬೇಕು. ನಾಳೆ ಮಸಣದಲ್ಲಿ ಹಾಲೆರೆದ ಕೂಡಲೇ ಹೊರಡಲಿ. ಈ ಷೆಡ್ಡಿನಲ್ಲಿ ಹದಿನಾರನೇ ದಿನದ ಕರ್ಮ ಕಳೆಯುವವರೆಗೆ ಯಾರೂ ಆಯುಧ ಮುಟ್ಟುವ ಹಾಗಿಲ್ಲ, ಒಪ್ಪಿದೆ. ಎದುರು ಷೆಡ್ಡಿನವರು ಕೂಲರ್ ಕೂರಿಸುತ್ತಾರೆ. ಮಾರಪ್ಪನ್ ಒಂದು ಮಾತು ಹೇಳಿದರೆ ಸಾಕು.

"ಗುಳ್ಳೆ ಬರಲಿಲ್ಲ ತಾನೆ?"

"ಬರಲಿಲ್ಲ," ಎಂದ ಮಾರಪ್ಪನ್.

"ಮತ್ತಿನ್ನೇನು? ಅಣ್ಣನ ಬಿಸಿನೀರಿನ ಹುಚ್ಚು ಊರಿಗೇ ಗೊತ್ತು."

ಪಕ್ಕದಲ್ಲಿ ನಿಂತಿದ್ದ ಲಾರಿಯ ಡ್ರೈವರ್ ತಲೆಯಾಡಿಸಿದ. ಯಾರು ಏನು ಹೇಳಿದರೂ ತಲೆಯಾಡಿಸುವ ಹುಡುಗ. ಹೆಸರು ಸೆಂಗೋಡನ್. ಪಾವಾಯಿಯ ಒಬ್ಬಳೇ ಮಗಳ ಗಂಡ.

* * *

ಆ ಹುಚ್ಚು ಹತ್ತಿದ್ದು ಅಂಗಮುತ್ತು ಸತ್ತ ಮೇಲೆ.

ಅಂಗಮುತ್ತು ಚೆನ್ನಿಮಲೈಯ ಗೆಳೆಯ, ಕ್ವಾರಿಯಿಂದ ಜಲ್ಲಿ ಹೊಡೆಯುವ ಟಿಪ್ಪರಿನವನು. ಅವನ ಗಾಡಿಯ ಕೂಲರನ್ನೂ ಇದೇ ತೊಟ್ಟಿಯ ತಣ್ಣೀರಿನಲ್ಲಿ ಮುಳುಗಿಸಿ ನೋಡಿದ್ದರು. ಗುಳ್ಳೆ ಏಳಲಿಲ್ಲ. ಕೂರಿಸಿ ಕಳಿಸಿದರು. ಸ್ವಲ್ಪ ದಿನಕ್ಕೆ ಘಾಟಿಯ ಬುಡದಿಂದ ಅವನ ಫೋನು ಬಂತು. ಪಾವಾಯಿ ಪಕ್ಕದಲ್ಲೇ ಕಡಲೆಕಾಯಿ ಬಿಡಿಸುತ್ತಿದ್ದಳು.

"ಏನೋ ಚೆನ್ನಿ, ಗಾಡಿ ಹಿಂದೆ ನಿಂತರೆ ಆಲೆಮನೇಲಿ ನಿಂತಂಗಾಗುತ್ತೆ. ಬೆಲ್ಲದ ವಾಸನೆ," ಎಂದು ನಕ್ಕಿದ್ದ.

ಹೊಗೆಯಲ್ಲಿ ಸಿಹಿ ವಾಸನೆ ಅಂದರೆ ರೇಡಿಯೇಟರ್ ನೀರು ಸುಡುತ್ತಿದೆ ಅಂತ. ಅಲ್ಲೇ ನಿಲ್ಲಿಸು ಎಂದ ಚೆನ್ನಿಮಲೈ. ಮೇಲೆ ಹತ್ತಿ ನಿಲ್ಲಿಸ್ತೀನಿ ಎಂದ ಅಂಗಮುತ್ತು. ಏರಿನ ನಡುವೆ ಎಂಜಿನ್ ಹಿಡಿದುಕೊಂಡಿತು. ತುಂಬಿದ ಟಿಪ್ಪರ್ ಹಿಂದಕ್ಕೆ ಜಾರಿ ಕಮರಿಗೆ ಬಿತ್ತು.

ಕೂಲರಿನಿಂದಲೋ, ಬ್ರೇಕಿನಿಂದಲೋ, ಯಾರಿಗೂ ಗೊತ್ತಾಗಲಿಲ್ಲ. ಚೆನ್ನಿಮಲೈ ಹೋಗುವಷ್ಟರಲ್ಲಿ ಗಾಡಿಯ ಮಾಲೀಕ ಕಬ್ಬಿಣವನ್ನೆಲ್ಲ ಗುಜರಿಗೆ ಹಾಕಿದ್ದ. ಸೇಲಂನ ಗುಜರಿ ಅಂಗಡಿಗಳನ್ನೆಲ್ಲ ತಡಕಾಡಿದ, ಸಿಗಲಿಲ್ಲ. ಸಿಕ್ಕಿದ್ದರೆ ತಪ್ಪಿತಸ್ಥನಾಗಿಯಾದರೂ ನಿದ್ದೆ ಮಾಡುತ್ತಿದ್ದನೇನೋ.

ಅಲ್ಲಿಂದ ಅಂಗಳಕ್ಕೆ ಹಂಡೆ ಬಂತು. ತಣ್ಣಗಿದ್ದಾಗ ಕಬ್ಬಿಣ ಬಾಯಿ ಬಿಗಿದುಕೊಂಡಿರುತ್ತೆ, ಮೈ ಕಾದ ಮೇಲೇ ನಿಜ ಬಿಡೋದು ಎನ್ನುತ್ತಿದ್ದ. ಹಂಡೆಯ ಜೊತೆಗೆ ವಾಸನೆಯೂ ಮನೆಗೆ ಬಂತು. ಉಣ್ಣುತ್ತಿದ್ದವನ ಕೈ ತಟ್ಟೆಯಲ್ಲೇ ನಿಲ್ಲುತ್ತಿತ್ತು.

"ಪಾವಾಯಿ, ಬೆಲ್ಲದ ವಾಸನೆ ಬರ್ತಿದೆಯಾ?"

"ಇಲ್ಲ. ಉಣ್ಣಿ."

ಅವಳು ಬೆಲ್ಲ ಕೊಳ್ಳುವುದನ್ನು ಬಿಟ್ಟಳು. ಹಬ್ಬಕ್ಕೂ ಉಪ್ಪಿನ ಪೊಂಗಲ್ಲೇ. ಆದರೂ ಅವನು ಕೇಳುವುದು ನಿಲ್ಲಲಿಲ್ಲ. ತಲೆ ಬಾಚುವಾಗ, ಬಸ್ಸಿನಲ್ಲಿ, ಮಗಳ ಮದುವೆಯ ಮಂಟಪದಲ್ಲಿ ಅಳಿಯನ ಕೈಗೆ ಧಾರೆ ಎರೆಯುತ್ತಾ. ಒಮ್ಮೆ ರೇಗಿ ತವರಿಗೆ ಹೋಗಿ ಕೂತಳು. ಅಲ್ಲಿಯೂ ಒಲೆ ಮುಂದೆ ಬಗ್ಗಿದಾಗ ಬೆನ್ನ ಹಿಂದೆ ಅದೇ ಪ್ರಶ್ನೆ ಕೇಳಿಸಿತು. ತಿರುಗಿ ಬಂದಳು. ಊಟ ಆಯ್ತಾ ಅಂದರೆ ಆಯ್ತು ಅನ್ನುವ ಹಾಗೆ, ಇಲ್ಲ ಅನ್ನುವುದು ಅವಳಿಗೆ ಬಾಯಿಪಾಠವಾಯಿತು.

* * *

ಗಂಡಸರು ಮಸಣದಿಂದ ಮಿಂದು, ಒದ್ದೆ ಪಂಚೆಯಲ್ಲಿ ಬಂದರು. ಪಾವಾಯಿ ಆಗತಾನೆ ಒಲೆಯ ಕೆಂಡ ಹೊರಗೆಳೆದಿದ್ದಳು. ಕುದಿಯುವ ನೀರಿನಲ್ಲಿ ಎಲ್ಲದಕ್ಕೂ ಗುಳ್ಳೆ ಏಳುತ್ತದೆ. ನೀರು ಕಾದಿರಬೇಕು, ಅಲುಗಬಾರದು. ಇಷ್ಟು ವರ್ಷ ನೋಡಿದವಳಿಗೆ ಅಷ್ಟು ಗೊತ್ತಿತ್ತು.

ಮಾರಪ್ಪನನ್ನು ಕರೆದು ಕೂಲರ್ ತಾ ಎಂದಳು.

"ಮುಟ್ಟೋ ಹಾಗಿಲ್ಲಕ್ಕಾ, ಹದಿನಾರು ಕಳೀಲಿ."

"ನೀನು ಮುಟ್ಟಬೇಡ."

ಅವಳೇ ಹೋಗಿ ಎತ್ತಿಕೊಂಡಳು. ಭಾರಕ್ಕೆ ಸೊಂಟ ವಾಲಿತು. ಬಾಯಿ ಮುಚ್ಚಿದ ಬಿರಡೆಗಳೂ ಗಾಳಿಯ ಪೈಪೂ ಮಾರಪ್ಪನ್ ಬಿಟ್ಟ ಹಾಗೆಯೇ ಇದ್ದವು. ಕೊಳಂದವೇಲು ಅಡ್ಡ ಬಂದ.

"ಅಕ್ಕಾ, ಅದು ಹೆಣಕ್ಕೆ ಎರೆದ ನೀರು. ನನ್ನ ಗಾಡಿ ಸಾಮಾನು ಅದರಲ್ಲಿ ಮುಳುಗಿಸಿದ್ರೆ ನಾಳೆ ಯಾವನು ಆ ಗಾಡಿ ಹತ್ತುತ್ತಾನೆ?"

"ನಾಳೆ ಹತ್ತೋನು ನನ್ನ ಅಳಿಯ ತಮ್ಮಾ. ಬಿಸಿನೀರಲ್ಲಿ ನೋಡದೆ ಹತ್ತಿದವನ ಚಟ್ಟಕ್ಕೆ ನೀವೂ ಹೆಗಲು ಕೊಟ್ಟಿದ್ರಿ."

ಅವನು ದಾರಿ ಬಿಟ್ಟ. ಜಗುಲಿಯ ಮೇಲೆ ಅಮ್ಮಣಿ ತಮ್ಮನ ಹುಚ್ಚು ಇವಳಿಗೆ ಬಂತು ಎಂದು ತಲೆ ಚಚ್ಚಿಕೊಳ್ಳುತ್ತಿದ್ದಳು.

ಕೂಲರ್ ಮುಳುಗಿದ್ದೇ ತಡ ಬುಳಬುಳನೆ ಗುಳ್ಳೆ ಎದ್ದವು. ಸೆಂಗೋಡನ್ ಹಿಂದೆ ಸರಿದ. ಮಾರಪ್ಪನ್ ತಡೆಯಲಾರದೆ ಬಾಯಿ ಬಿಟ್ಟ. ಅದು ಬಿರುಕಲ್ಲ, ಸಂದಿಯಲ್ಲಿ ಸಿಕ್ಕಿಕೊಂಡ ಗಾಳಿ, ಅತ್ತಿತ್ತ ಅಲ್ಲಾಡಿಸಿ ಬಿಡಿಸಬೇಕು ಎಂದ. ಅವಳು ಕೋಲಿನಿಂದ ಅಲ್ಲಾಡಿಸಿದಳು. ಆಮೇಲೆ ಅವನೇ ಮೆಲ್ಲಗೆ ಬಂದು ಕಾಲುಪಂಪಿನ ಮೇಲೆ ಪಾದವಿಟ್ಟ.

"ಕಾಲಲ್ಲಿ ಒತ್ತಿದ್ರೆ ಮುಟ್ಟಿದ ಹಾಗಲ್ಲ," ಎಂದ, ಯಾರೂ ಕೇಳದಿದ್ದರೂ.

ನೀರು ಸುಮ್ಮನಾಯಿತು. ಮೇಲೆ ಅರಿಶಿನದ ಪುಡಿ, ಒಂದು ಚೆಂಡುಹೂವಿನ ಎಸಳು. ಎಲ್ಲರ ಮುಖವೂ ಹಂಡೆಯಲ್ಲಿ ಕಾಣುತ್ತಿತ್ತು. ಏನೂ ಏಳಲಿಲ್ಲ.

ಕೊಳಂದವೇಲು ಉಸಿರು ಬಿಟ್ಟ. ಇನ್ನಾದರೂ ಒಳಗೆ ಹೋಗಿ ಕೂತ್ಕೊಳ್ಳಿ ಅಕ್ಕಾ ಎಂದ, ಮೃದುವಾಗಿಯೇ.

"ಇರಿ. ಕಬ್ಬಿಣಕ್ಕಿನ್ನೂ ಬಿಸಿ ಹತ್ತಿಲ್ಲ."

ಕಾದರು. ಒದ್ದೆ ಪಂಚೆಗಳಿಂದ ನೀರು ತೊಟ್ಟಿಕ್ಕುವುದು ನಿಂತಿತು. ಮಾರಪ್ಪನ್ ಮತ್ತೊಮ್ಮೆ ಒತ್ತಿದ.

ಹೊಗೆ ಹೋಗುವ ಬಾಯಿಯ ಅಂಚಿನಿಂದ ಸಾಸಿವೆ ಕಾಳಿನಷ್ಟು ದಪ್ಪದ ಗುಳ್ಳೆಯೊಂದು ಕಳಚಿಕೊಂಡು ಮೇಲೆ ಬಂತು. ಇನ್ನೊಂದು ಬಂತು. ಆಮೇಲೆ ಒಂದರ ಹಿಂದೊಂದು, ಅದೇ ಜಾಗದಿಂದ, ಪೋಣಿಸಿದ ಹಾಗೆ. ಮೇಲಿನ ಅರಿಶಿನ ಸರಿದು ಸಣ್ಣ ಬಟ್ಟಲಿನಷ್ಟು ಜಾಗ ತೆರೆಯಿತು.

ಮಾರಪ್ಪನ್ ಪಂಪಿನಿಂದ ಕಾಲು ತೆಗೆದ. ತೆಗೆದರೂ ಬರುತ್ತಲೇ ಇದ್ದವು. ಸೆಂಗೋಡನ್ ಸೊಂಟದಿಂದ ಲಾರಿಯ ಕೀ ಬಿಚ್ಚಿ ಯಜಮಾನನ ಕೈಗೆ ಇಟ್ಟ. ಕೊಳಂದವೇಲು ಅದನ್ನು ಹಿಡಿದುಕೊಂಡೇ ನಿಂತ.

ಹಂಡೆಯಿಂದ ಹಬೆ ಅವರ ಮುಖಕ್ಕೆ ಬಡಿಯುತ್ತಿತ್ತು.

"ಅತ್ತೇ," ಎಂದ ಸೆಂಗೋಡನ್ ಮೂಗರಳಿಸಿ, "ಇದೇನು ವಾಸನೆ?"

ಪಾವಾಯಿ ಕಿಟಕಿಯ ಕಡೆ ತಿರುಗಿದಳು. ಒಳಗೆ ಮಂಚವನ್ನು ತೊಳೆದು, ಕಾಲು ಮೇಲು ಮಾಡಿ ಗೋಡೆಗೆ ಒರಗಿಸಿದ್ದರು.

"ಬರ್ತಿದೆ ರೀ," ಎಂದಳು. "ನನಗೂ ಬರ್ತಿದೆ."