ಗುಂಡು ಅರಳುವ ದೂರ

ತೋಟೆ ತುಂಬುವ ಯಂತ್ರದ ಹಿಡಿಕೆಯನ್ನು ಕೆಳಕ್ಕೆಳೆದಾಗ ಗುಂಡು ತೋಟೆಯ ಬಾಯಿಯಲ್ಲಿ ಓರೆಯಾಗಿ ಕೂತಿತು. ನೀವಾ ಅದನ್ನು ಕಸದ ಡಬ್ಬಿಗೆಸೆದು ಇನ್ನೊಂದು ಖಾಲಿ ತೋಟೆಗೆ ಕೈಹಾಕಿದಳು. ಗಂಡ ಕೋವಿಮದ್ದು ತುಂಬುತ್ತಿದ್ದ ಮೇಜಿನ ಮುಂದೆ, ಇಸ್ತ್ರಿ ಮಾಡಿದ ಕಪ್ಪು ಉಡುಪಿನಲ್ಲಿ ಅವಳು ಹೀಗೆ ಒಬ್ಬಳೇ ಕೆಲಸಕ್ಕೆ ಕೂತಿದ್ದು ಇದೇ ಮೊದಲು.

"ಮದ್ದು ಹಾಕಿಲ್ಲ ತಾನೆ?" ಬಾಗಿಲಲ್ಲಿ ನಿಂತಿದ್ದ ಡೆಲ್ಬರ್ಟ್ ಕೇಳಿದ. ಅವನು ನೀವಾಳ ಗಂಡ ಆರ್ಲೋನ ಬೇಟೆಯ ಜೊತೆಗಾರ. "ಮದ್ದಿರೋ ತೋಟೆ ಹೆಣದ ಪೆಟ್ಟಿಗೇಲಿ ಇಡಂಗಿಲ್ಲ ಅಂತ ಆ ಶವಾಗಾರದ ಹುಡುಗ ಬಡ್ಕೊಂಡಿದಾನೆ."

"ಮದ್ದು ಯಾವ್ದು, ಉಪ್ಪು ಯಾವ್ದು ಅಂತ ನಂಗೂ ಗೊತ್ತಾಗುತ್ತೆ ಡೆಲ್ಬರ್ಟ್. ಇಷ್ಟು ವರ್ಷ ಯಾರ ಜೊತೆ ಬಾಳಿದೀನಿ ಅಂದ್ಕೊಂಡೆ?"

ವಯೋಮಿಂಗಿನ ಆ ಕಣಿವೆಯಲ್ಲಿ ಬೇಟೆಗಾರನನ್ನು ಬರಿಗೈಲಿ ಮಣ್ಣು ಮಾಡುವ ರೂಢಿಯಿಲ್ಲ. ಮುಂದಿನ ಬೇಟೆಗೆಂದು ಅವನು ಆರಿಸಿಟ್ಟ ತೋಟೆಯೊಂದನ್ನು, ಮದ್ದಿಲ್ಲದೆ, ಕೈಯಲ್ಲಿಟ್ಟು ಕಳಿಸುತ್ತಾರೆ. ಕಷ್ಟವೇನೆಂದರೆ, ಆರ್ಲೋ ಯಾವುದನ್ನು ಆರಿಸಿದ್ದನೆಂದು ಹೇಳದೆಯೇ ಹೋಗಿಬಿಟ್ಟಿದ್ದ. ಸತ್ತ ಬೆಳಿಗ್ಗೆ ಅವನ ಹೊದಿಕೆಯ ಮೇಲೆ ಎರಡು ಬಗೆಯ ಗುಂಡುಗಳಿದ್ದವು, ಒಂದು ಮೋಟು ದಪ್ಪನೆಯದು, ಇನ್ನೊಂದು ಉದ್ದ ತೆಳ್ಳನೆಯದು.

"ಇದರಲ್ಲಿ ಯೋಚನೆ ಮಾಡೋದೇನಿದೆ?" ನೀವಾಳ ತಮ್ಮ ವೆಂಡಲ್ ಡೆಲ್ಬರ್ಟನನ್ನು ಪಕ್ಕಕ್ಕೆ ತಳ್ಳಿ ಒಳಬಂದ. ಕೋಟಿನ ಮೇಲೆ ಒಬ್ಬರ ಗುಂಡು ಇನ್ನೊಬ್ಬರಿಗೆ ತಾಗದಿರಲೆಂದು ತೊಡುವ, ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಬೇಟೆಯ ಅಂಗಿ. ಬೆಳಿಗ್ಗೆಯೇ ಗುಡ್ಡಕ್ಕೆ ಹೋಗಿ ಬಂದಿದ್ದ. "ದಪ್ಪಂದು ಇಡು. ಭಾವ ಜೀವಮಾನ ಪೂರ್ತಿ ಅದರಲ್ಲೇ ಹೊಡೆದಿದ್ದು."

"ಕೊನೆಗೆ ತರಿಸಿದ್ದು ಉದ್ದಂದು," ಡೆಲ್ಬರ್ಟ್ ಬಿಡಲಿಲ್ಲ.

"ಎರಡೂ ಮಾಡ್ಕೊಂಡು ಬರ್ತೀನಿ. ಈಗ ಇಬ್ಬರೂ ಬಾಯಿ ಮುಚ್ಕೊಂಡು ಗಾಡಿ ಹತ್ತಿ," ಎಂದಳು ನೀವಾ.

*

ಜೂನ್ ತಿಂಗಳಲ್ಲಿ ಒಂದೇ ವಾರ ಎರಡು ಸುದ್ದಿ ಬಂದಿದ್ದವು. ಮೇಲಿನ ಗುಡ್ಡದಲ್ಲಿ ಗಂಡು ಎಲ್ಕ್, ಅಂದರೆ ಕಡವೆಯಂಥ ಭಾರೀ ಜಿಂಕೆ, ಹೊಡೆಯಲು ವರ್ಷಕ್ಕೆ ಬೆರಳೆಣಿಕೆಯ ಜನಕ್ಕಷ್ಟೇ ಪರವಾನಗಿ, ಅದೂ ಚೀಟಿ ಎತ್ತಿ; ಉಳಿದವರಿಗೆಲ್ಲ ಹೆಣ್ಣು ಮಾತ್ರ. ಅರ್ಜಿ ಹಾಕುತ್ತ ಹಾಕುತ್ತ ಮುದುಕನಾದ ಆರ್ಲೋಗೆ ಅದು ಕೊನೆಗೂ ಸಿಕ್ಕಿತ್ತು. ಎರಡನೆಯ ಸುದ್ದಿ ಅವನ ಶ್ವಾಸಕೋಶದ್ದು.

"ದೇವರಿಗೆ ತಮಾಷೆ ಮಾಡೋಕೆ ನಾನೇ ಬೇಕಿತ್ತಾ?" ಎಂದು ನಕ್ಕ, ನಗು ಕೆಮ್ಮಾಯಿತು. "ಅಕ್ಟೋಬರ್ ತನಕ ತಡ್ಕೋತೀನಿ ಬಿಡು."

"ಅಷ್ಟೊತ್ತಿಗೆ ಸರಿಹೋಗಿರ್ತೀಯ," ಎಂದಿದ್ದಳು ನೀವಾ. ಆಮೇಲೆ ದಿನಾ ಅದೇ ಮಾತು ಹೇಳುತ್ತ ಬಂದಳು. ಬೇರೇನು ಹೇಳುವುದೆಂದು ಅವಳಿಗೆ ಹೊಳೆಯಲಿಲ್ಲ.

ನಡೆದು ಹೋಗಿ ತರಲಾರದಷ್ಟು ದೂರಕ್ಕೆ ಈಡು ಹಾರಿಸಬಾರದು, ಇದು ಆರ್ಲೋನ ಒಂದೇ ಕಟ್ಟಳೆ. ದೂರದಿಂದ ಹೊಡೆಯುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಹಾಗಾಗಿ ಜೂನಿನಲ್ಲಿ ಅವನು ಆರಿಸಿದ್ದು ದಪ್ಪ ಗುಂಡನ್ನೇ. ಇನ್ನೂರು ಗಜದಲ್ಲಿ ಭುಜದ ಮೂಳೆ ಮುರಿದು ಒಳಹೋಗುವ ಗುಂಡು. ಜುಲೈನಲ್ಲಿ ಅವನಿಗೆ ಗುಡ್ಡದ ಒರತೆಯವರೆಗೆ ಏರಲಾಗಲಿಲ್ಲ. ಹಾಗಾದರೆ ಕೆಳಗಿನ ದಿಣ್ಣೆಯಿಂದಲೇ ಹೊಡೆಯೋಣ, ನಾನೂರು ಗಜ ಎಂದ. ಆಗಸ್ಟಿನಲ್ಲಿ ಆ ದಿಣ್ಣೆಯೂ ಆಗಲಿಲ್ಲ. ಗಾಡಿ ನಿಲ್ಲುವ ಜಾಗದಿಂದ ಏಳುನೂರು. ಬೇನೆ ಎಲ್ಲಿಗೆ ಬಂತೆಂದು ನೀವಾ ಡಾಕ್ಟರನ್ನು ಕೇಳಬೇಕಾಗಿರಲಿಲ್ಲ. ಎಷ್ಟು ಗಜವೆಂದು ಗಂಡನನ್ನು ಕೇಳಿದರೆ ಸಾಕಾಗಿತ್ತು.

ಉದ್ದನೆಯ ಗುಂಡಿನ ಡಬ್ಬಿ ಬಂದ ದಿನ ತಕ್ಕಡಿ ಹಿಡಿಯುವ ಶಕ್ತಿ ಅವನಿಗಿರಲಿಲ್ಲ. ಮದ್ದು ತೂಗಿದವಳು ನೀವಾ.

"ದಪ್ಪಂದು ಯಾಕೆ ಬೇಡ?"

"ಅಷ್ಟು ದೂರ ಹೋಗೋ ಹೊತ್ತಿಗೆ ಗುಂಡಿಗೂ ಸುಸ್ತಾಗಿರುತ್ತೆ ಕಣೆ, ನನ್ನ ಹಂಗೇ. ದಪ್ಪಂದು ಮೈಯೊಳಗೆ ಹೂವಿನಂಗೆ ಅರಳೋದೇ ಇಲ್ಲ. ಸೂಜಿ ತೂರಿದಂಗೆ ಆಚೆ ಹೋಗುತ್ತೆ. ಪಾಪದ ಪ್ರಾಣಿ ಎಲ್ಲೋ ಪೊದೇಲಿ ನರಳಿ ನರಳಿ ಸಾಯುತ್ತೆ. ಇದರ ಮೈ ತೆಳು. ಸುಸ್ತಾಗಿದ್ರೂ ಅರಳುತ್ತೆ."

"ಅದು ಹತ್ತಿರ ಬಂದ್ರೆ?"

"ಹತ್ತಿರದಲ್ಲಿ ಇದು ಮೂಳೆ ಮೇಲೇ ಪುಡಿಪುಡಿ. ಗಾಯ ಆಗುತ್ತೆ, ಸಾಯಲ್ಲ. ಆದ್ರೆ ಹತ್ತಿರ ಯಾರು ಬರ್ತಾರೆ ನೀವಾ?"

"ಹೊಡೆದ್ಮೇಲೆ ತರೋದು?"

"ಡೆಲ್ಬರ್ಟ್ ತರ್ತಾನೆ," ಎಂದು ಆರ್ಲೋ ಮುಖ ಗೋಡೆಗೆ ತಿರುಗಿಸಿಕೊಂಡ. ಬೇಟೆಗೆ ಹೋಗುವ ಮೊದಲೇ ಅವನ ಕಟ್ಟಳೆ ಮುರಿದುಹೋಗಿತ್ತು. ಆ ದಿನ ನೀವಾ ಅಡುಗೆಮನೆಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು.

ಸೆಪ್ಟೆಂಬರಿನಲ್ಲಿ ಹಾಸಿಗೆ ಕಿಟಕಿಯ ಪಕ್ಕಕ್ಕೆ ಬಂತು. ದೂರ ಅಳೆಯುವ ದುರ್ಬೀನನ್ನು ಅವನು ಹಿಡಿಯಲಾರ. ಅವಳೇ ಹಿಡಿದು ಗುಂಡಿ ಒತ್ತುವಳು. "ಎಷ್ಟು?" ಎಂದು ಅವನು ಕೇಳುವನು.

"ಆ ಒಂಟಿ ಪೈನ್ ಮರಕ್ಕಾ? ಸಾವಿರದ ಮುನ್ನೂರು."

ಆರ್ಲೋ ಹೊದಿಕೆಯನ್ನು ಎದೆಗೆಳೆದುಕೊಂಡ. "ಇಲ್ಲಿಂದ ಅಲ್ಲಿಗೆ ನನ್ನ ಹತ್ರ ಯಾವ ಗುಂಡೂ ಇಲ್ಲ ಕಣೆ."

*

ಊರಿಗೆ ಹೊಸಬನಾದ ಪಾದ್ರಿ, ಪುಣ್ಯಾತ್ಮ, ಬೇಟೆ ಶುರುವಾಗುವ ಶನಿವಾರವೇ ಮಣ್ಣಿಗೆ ಹೊತ್ತು ಗೊತ್ತುಮಾಡಿದ್ದ. ಹೆಣ ಹೊರಬೇಕಾದ ಆರು ಜನರೂ ಗುಡ್ಡದಿಂದಲೇ ಇಳಿದು ಬಂದಿದ್ದರು. ಚರ್ಚಿನ ಮುಂದಿನ ಸಾಲಿನಲ್ಲಿ ಆರು ಕಿತ್ತಳೆ ಅಂಗಿಗಳು. ಒಬ್ಬನ ತೋಳಿನ ಮೇಲೆ ಒಣಗಿದ ರಕ್ತವೂ ಇತ್ತು.

ಪೆಟ್ಟಿಗೆಯ ಮುಚ್ಚಳ ಹಾಕುವ ಮುಂಚೆ ನೀವಾ ಹತ್ತಿರ ಹೋದಳು. ಅವಳ ಕೋಟಿನ ಎರಡು ಜೇಬುಗಳಲ್ಲಿ ಎರಡು ತೋಟೆ. ದಪ್ಪನೆಯದನ್ನಿಟ್ಟರೆ, ಅವನು ಇನ್ನೂ ಗುಡ್ಡ ಹತ್ತುವವನು. ಉದ್ದನೆಯದನ್ನಿಟ್ಟರೆ, ತನ್ನಿಂದಾಗದು ಎಂದು ಒಪ್ಪಿಕೊಂಡವನು. ಯಾವ ಆರ್ಲೋನನ್ನು ಕಳಿಸಿಕೊಡುವುದು?

ಅವಳು ಉದ್ದನೆಯದನ್ನು ತೆಗೆದು ಅವನ ಬೆರಳುಗಳ ನಡುವೆ ಸೇರಿಸಿದಳು.

"ಅಕ್ಕಾ, ಬೇಡ," ವೆಂಡಲನ ದನಿ ಒಡೆದಿತ್ತು. "ಅದು ಸೋತವನ ಗುಂಡು."

"ಸುಳ್ಳು ಹೇಳಿ ಕಳಿಸ್ಲಾ? ಇಷ್ಟು ತಿಂಗಳು ಸರಿಹೋಗ್ತೀಯ ಸರಿಹೋಗ್ತೀಯ ಅಂತ ಹೇಳಿದ್ದು ಸಾಲ್ದಾ?"

ವೆಂಡಲ್ ಹ್ಯಾಟಿನಲ್ಲಿ ಮುಖ ಮುಚ್ಚಿಕೊಂಡ. ಶವಾಗಾರದ ಹುಡುಗ ಮುಚ್ಚಳ ಇಳಿಸಿದ.

ಸ್ಮಶಾನದಲ್ಲಿ ಪ್ರಾರ್ಥನೆ ನಡುವೆ ಗುಡ್ಡದ ಕಡೆಯಿಂದ ಢಮ್ಮೆಂದಿತು. ಪಾದ್ರಿ ಬೆಚ್ಚಿಬಿದ್ದು ಪುಸ್ತಕದಿಂದ ತಲೆಯೆತ್ತಿದ. "ಇದು ಸತ್ತವರಿಗೆ ಮರ್ಯಾದೆನಾ?"

"ಅಲ್ಲ ಪಾದ್ರಿಗಳೇ, ಎಲ್ಕಿಗೆ," ಎಂದ ಡೆಲ್ಬರ್ಟ್.

ಇನ್ನೊಂದು ಈಡು ಕೇಳಿತು. ಮತ್ತೊಂದು. ಆರು ಜನರೂ ಗುಂಡಿಯ ಸುತ್ತ ನಿಂತೇ ಕಿವಿ ಆ ಕಡೆಗಿಟ್ಟಿದ್ದರು.

"ಮೂರು ಈಡು," ವೆಂಡಲ್ ಗೊಣಗಿದ. "ಮೊದಲನೇದು ಸರಿಯಾಗಿ ಬಿದ್ದಿಲ್ಲ. ಅಂಗಡೀಲಿ ಕೊಟ್ಟ ಗುಂಡು ತಗೊಂಡು ಬಂದುಬಿಡ್ತಾವೆ, ಮುಂಡೇವು."

"ಆರ್ಲೋ ಇದ್ದಿದ್ರೆ ಉಗೀತಿದ್ದ," ಎಂದ ಡೆಲ್ಬರ್ಟ್. ಬೆಳಗಿನಿಂದ ಅವರಿಬ್ಬರೂ ಒಪ್ಪಿಕೊಂಡ ಮಾತು ಅದೊಂದೇ.

ಚರ್ಚಿನ ನೆಲಮಾಳಿಗೆಯಲ್ಲಿ ಹಂದಿಮಾಂಸ, ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆಯ ಊಟವಾಯಿತು. ತಟ್ಟೆ ಖಾಲಿಯಾದವರು ಒಬ್ಬೊಬ್ಬರೇ ಬಂದು ನೀವಾಳ ಭುಜ ಒತ್ತಿ, ಕಿಟಕಿಯಾಚೆಯ ಬೆಳಕು ನೋಡಿ, ನಾಚಿಕೊಂಡೇ ಗುಡ್ಡದತ್ತ ಹೊರಟರು.

"ರಾತ್ರಿ ನಾನು ಇಲ್ಲೇ ಇರ್ಲಾ?" ಮನೆಯಂಗಳದಲ್ಲಿ ಅವಳನ್ನಿಳಿಸಿ ವೆಂಡಲ್ ಕೇಳಿದ.

"ಹೋಗೋ, ಹೊತ್ತಿದೆ ಇನ್ನೂ. ಹತ್ತಿರ ಹೋಗಿ ಹೊಡಿ."

ಒಳಗೆ ಬಂದವಳು ಕೋಟು ತೆಗೆಯಲಿಲ್ಲ. ದೀಪವನ್ನೂ ಹಾಕದೆ, ಕಿಟಕಿಯ ಪಕ್ಕ ಖಾಲಿ ಹಾಸಿಗೆಯ ಅಂಚಿನಲ್ಲಿ ಕೂತಳು.

ಸಂಜೆಗೆ ಅವು ಇಳಿದು ಬಂದವು. ಪ್ರತಿವರ್ಷವೂ ಹಾಗೆಯೇ, ಗುಡ್ಡದ ಮೇಲೆ ಕೋವಿಗಳು ಸೇರಿದ ದಿನ ಎಲ್ಕುಗಳು ಹುಲ್ಲುಗಾವಲಿಗೆ ಇಳಿಯುತ್ತವೆ. ಎಲ್ಲರಿಗೂ ಗೊತ್ತಿದ್ದ ಸಂಗತಿ. ಆರ್ಲೋಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು, ಆದರೂ ಇಡೀ ಬೇಸಿಗೆ ಇಬ್ಬರೂ ದೂರವನ್ನೇ ಅಳೆದಿದ್ದರು. ಹೆಣ್ಣುಗಳ ಹಿಂದೆ, ಕುದುರೆಯಷ್ಟು ಎತ್ತರದ ಗಂಡೊಂದು ಮರದ ಕೊಂಬೆಯಂಥ ಕೋಡು ಹೊತ್ತು ಬರುತ್ತಿತ್ತು.

ನೀವಾ ದುರ್ಬೀನು ಕೈಗೆತ್ತಿಕೊಂಡು ಗುಂಡಿ ಒತ್ತಿದಳು.

"ಏಳುನೂರು," ಎಂದಳು, ಗಟ್ಟಿಯಾಗಿಯೇ.

ಗಂಡು ಬೇಲಿ ದಾಟಿತು. "ನಾನೂರು." ಕಾಲುವೆ ದಾಟಿತು. "ಇನ್ನೂರು, ಆರ್ಲೋ." ಇನ್ನೊಂದು ಕೈ ತಾನಾಗಿ ಕೋಟಿನ ಜೇಬಿಗೆ ಹೋಗಿ, ಉಳಿದಿದ್ದ ದಪ್ಪ ಗುಂಡಿನ ತೋಟೆಯನ್ನು ಹಿಡಿದುಕೊಂಡಿತು.

ಅದು ಅಂಗಳಕ್ಕೇ ಬಂತು. ಕಿಟಕಿಯ ಕೆಳಗೆ ಉದುರಿದ್ದ ಸೇಬುಹಣ್ಣುಗಳನ್ನು ಮೂಸಿ, ತಲೆ ತಗ್ಗಿಸಿ ಕರುಂ ಕರುಂ ಎಂದು ಅಗಿಯತೊಡಗಿತು. ಅದರ ಉಸಿರಿಗೆ ಗಾಜು ಮಂಜಾಯಿತು. ನೀವಾ ಮತ್ತೆ ಗುಂಡಿ ಒತ್ತಿದಳು. ಅಷ್ಟು ಹತ್ತಿರವನ್ನು ಅಳೆಯಲು ಬಾರದ ದುರ್ಬೀನಿನೊಳಗೆ ಅಂಕಿಯ ಜಾಗದಲ್ಲಿ ಬರೀ ಗೀಟುಗಳು ಮಿನುಗುತ್ತಿದ್ದವು.