ತೋಳದ ಸರದಿ

ರಜೆಯ ಮಧ್ಯಾಹ್ನ ದರ್ಜಿ ಅಂಗಡಿಯ ಬಾಗಿಲು ಹಾಕಿದರೆ, ಬಟ್ಟೆ ಕತ್ತರಿಸುವ ಮೇಜೇ ಅಲ್ಲಿ ಸೇರುವ ಗೆಳೆಯರಿಗೆ ಕಾಡು, ಕೋಟೆ, ಕಣಿವೆ. ಸೀಮೆಸುಣ್ಣದ ಗೆರೆಗಳ ನಡುವೆ ದಾಳ ಉರುಳುತ್ತಿತ್ತು. ಕಥೆ ಕಟ್ಟುತ್ತಾ ಆಡುವ ಆಟ, ಪ್ರತಿಯೊಬ್ಬರಿಗೂ ಒಂದೊಂದು ಪಾತ್ರ. ದರ್ಜಿಯಾಕೆ ಕಾಡು ಕಾಯುವವಳು, ಜೊತೆಗೊಂದು ತೋಳ. ಹಳೆಯ ನಿಯಮದಲ್ಲಿ ತೋಳಕ್ಕೆ ತನ್ನದೇ ಸರದಿಯಿತ್ತು, ತನ್ನದೇ ಹಟವಿತ್ತು. ಅದರ ಪಾತ್ರವನ್ನು ಒಡತಿ ಆಡಬಾರದು, ಪಕ್ಕದವರು ಆಡಬೇಕೆಂಬುದು ಆ ಮೇಜಿನ ಕಟ್ಟಳೆ. ಆಡುತ್ತಿದ್ದವನು ಅವಳ ಅಣ್ಣ. ಹಡಗಿನ ಎಂಜಿನ್ ಕೆಲಸಕ್ಕೆ ಹೋದ ಅವನಿಂದ ಕಳೆದ ಚಳಿಗಾಲದಿಂದ ಸುದ್ದಿಯಿಲ್ಲ.

ಆಟ ನಡೆಸುವ ಗಡಿಯಾರ ರಿಪೇರಿಯವನು ಅಂದು ಹೊಸ ನಿಯಮಪುಸ್ತಕ ತಂದ.

“ಇನ್ಮೇಲೆ ತೋಳ ಪೂರ್ತಿ ನಿಂದೇ ಅಕ್ಕ. ಸತ್ರೂ ಮಾರನೇ ದಿನ ಎದ್ದು ಬರುತ್ತೆ. ನೀನು ಹೇಳಿದ್ರೆ ಕಚ್ಚುತ್ತೆ, ಹೇಳ್ದೇ ಇದ್ರೆ ಸುಮ್ಮನಿರುತ್ತೆ.”

“ನಮ್ಮನೆಯವರಿಗೂ ಇಂಥದೊಂದು ಪುಸ್ತಕ ಬರೀರಪ್ಪ!” ಎಂದಳು ಜೊತೆಗೆ ಆಡುತ್ತಿದ್ದ ಆಸ್ಪತ್ರೆಯ ದಾದಿ.

ದರ್ಜಿಯಾಕೆಯೂ ನಕ್ಕಳು. ನಗುತ್ತಲೇ ಪಕ್ಕದ ಖಾಲಿ ಸ್ಟೂಲಿನತ್ತ ನೋಡಿದಳು. “ಹಾಗಾದ್ರೆ ಅಣ್ಣ ಬಂದ್ರೆ ಏನಾಡ್ತಾನೆ?”

“ಬೇರೆ ಪಾತ್ರ ಮಾಡ್ಕೊಳ್ಳಲಿ ಬಿಡು. ನಿನ್ನ ಬಲ ಎರಡರಷ್ಟಾಗುತ್ತಲ್ಲ!”

ಒಡನಾಡಿಯನ್ನು ಹತಾರದ ಸಾಲಿಗೆ ಸೇರಿಸಿ, ಅದನ್ನೇ ಸುಧಾರಣೆಯೆಂದು ಕರೆಯುವುದು ಎಂಥ ನಾಚಿಕೆಗೇಡು! ಹೇಳಿದಾಗ ಮಾತ್ರ ಕಚ್ಚುವುದು ಕತ್ತರಿ, ತೋಳವಲ್ಲ. ಒಲ್ಲೆನೆನ್ನುವ ಹಕ್ಕನ್ನು ಕಿತ್ತುಕೊಂಡ ಮೇಲೆ ಉಳಿಯುವ ನಿಷ್ಠೆಗೆ ಕವಡೆಯ ಬೆಲೆಯೂ ಇಲ್ಲ. ಅಣ್ಣನ ತೋಳ ಕಾಳಗದ ನಡುವೆ ಮೊಲದ ಹಿಂದೆ ಓಡುತ್ತಿತ್ತು. ಅವಳು ಕಿರುಚಿದರೆ ಸ್ಟೂಲಿನ ಮೇಲೆ ಕುಳಿತೇ ಆಕಳಿಸುತ್ತಿತ್ತು. ಆದರೆ ಅವಳು ಗಾಯಗೊಂಡು ಬಿದ್ದಾಗ, ಯಾರೂ ಕರೆಯದೆ ಬಂದು ಕಾವಲು ನಿಂತಿತ್ತು.

“ನಾನು ಹಳೇ ನಿಯಮದಲ್ಲೇ ಆಡ್ತೀನಿ.”

“ತೋಳ ಆಡೋರೇ ಇಲ್ವಲ್ಲ ಅಕ್ಕ. ಸೋತು ಸುಣ್ಣ ಆಗ್ತೀಯ.”

“ಆಗ್ಲಿ.”

ಹಾಗೆಯೇ ಆಯಿತು. ಸೇತುವೆಯ ಮೇಲೆ ಕಳ್ಳರು ಮುತ್ತಿದರು. ಕಾಡು ಕಾಯುವವಳು ನೆಲಕ್ಕೊರಗಿದಳು.

ದಾದಿಗೆ ತಡೆಯಲಾಗಲಿಲ್ಲ. “ಹೊಸ ನಿಯಮಾನೇ ಇರಲಿ ಕಣೇ, ಕರೆದುಬಿಡು! ‘ಬಾ’ ಅಂದ್ರೆ ಸಾಕು, ಬರುತ್ತೆ!”

“ಕರೆದ್ರೆ ಅವನು ಯಾವತ್ತು ಬಂದಿದ್ದ?” ಎಂದಳು ದರ್ಜಿಯಾಕೆ.

ಗಡಿಯಾರ ರಿಪೇರಿಯವನು ಹೊಸ ಪುಸ್ತಕ ಮುಚ್ಚಿದ. ದಾಳವನ್ನು ಖಾಲಿ ಸ್ಟೂಲಿನ ಮುಂದೆ ಸರಿಸಿ, “ತೋಳದ ಸರದಿ” ಎಂದ.

ಯಾರೂ ಅದನ್ನು ಮುಟ್ಟಲಿಲ್ಲ. ಬೀದಿಯಲ್ಲಿ ಹೆಜ್ಜೆಯ ಸದ್ದಾದಾಗಲೆಲ್ಲ ಮೂವರೂ ಬಾಗಿಲಿನತ್ತ ತಿರುಗುತ್ತಿದ್ದರು.